ಮಳೆ ನೀರು ಕುಡಿಯುವ ಕಾಂಕ್ರೀಟು ನಮಗೆ ಬೇಕು

ಕೂಡ್ಲಿಗಿ ಸೀಮೆಯ ಒಂದು ಹಳ್ಳಿ. ಊರಿನ ಹೆಸರು ಬೇಡ. ಏಳು ವರ್ಷದ ಹಿಂದೆ ಅಲ್ಲಿನ ಓಣಿಯೊಂದಕ್ಕೆ ಸಿಸಿ ರಸ್ತೆ ಹಾಕಿಸಿದವನು ನಾನು. ಆರಿಂಚು ದಪ್ಪ, ಈ ಗೋಡೆಯಿಂದ ಆ ಗೋಡೆಯವರೆಗೆ ಕಾಂಕ್ರೀಟು, ಎಸ್ಟಿಮೇಟಿನಲ್ಲಿ ಇದ್ದದ್ದು ಇದ್ದ ಹಾಗೆ. ಗಟ್ಟಿತನ ನೋಡುವ ಕ್ಯೂಬ್ ಪರೀಕ್ಷೆ ಪಾಸಾಯಿತು, ಅಳತೆ ಪುಸ್ತಕ (ಎಂಬಿ) ಬರೆದರು, ಬಿಲ್ಲೂ ಆಯಿತು. ಆ ವರ್ಷ ಉತ್ತರೆ ಮಳೆ ಒಂದು ರಾತ್ರಿ ಬಿಡದೆ ಹೊಡೆಯಿತು. ಬೆಳಗ್ಗೆ ಫೋನ್ ಬಂತೆಂದು ಓಡಿ ಹೋದೆ. ಓಣಿಯ ತಗ್ಗಿನ ತುದಿಯಲ್ಲಿದ್ದ ಅಜ್ಜಿಯ ಮನೆಯೊಳಗೆ ಮೊಣಕಾಲುದ್ದ ನೀರು. ಜೋಳದ ಚೀಲ ನೆನೆದು ಉಬ್ಬಿತ್ತು. ಹೊಸ್ತಿಲ ಮೇಲೆ ಕುಳಿತು ತಂಬಿಗೆಯಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ ಅಜ್ಜಿ ನನ್ನನ್ನು ನೋಡಿ ಕೇಳಿದಳು: ‘ತಮ್ಮಾ, ನೀನು ನಮಗೆ ರಸ್ತೆ ಮಾಡಿಸಿದ್ಯೋ, ಕಾಲುವೆ ಮಾಡಿಸಿದ್ಯೋ?’

ಉತ್ತರ ಕೊಡಲು ನನ್ನ ಬಾಯಲ್ಲಿ ಮಾತಿರಲಿಲ್ಲ. ಮುಂದಿನ ಮಾರ್ಚಿಗೆ ಅದೇ ಓಣಿಯ ಬೋರ್‌ವೆಲ್ ನಿಂತಿತು. ಟ್ಯಾಂಕರ್ ಬಂತು, ನಾನು ಹಾಕಿಸಿದ ರಸ್ತೆಯ ಮೇಲೆಯೇ ಬಂತು. ಸೆಪ್ಟೆಂಬರಿನಲ್ಲಿ ಮನೆಯೊಳಗೆ ನುಗ್ಗಿದ ನೀರು ಮಾರ್ಚಿನಲ್ಲಿ ಕೊಡಕ್ಕೆ ಸಿಗಲಿಲ್ಲ. ಆ ನೀರು ನೆಲಕ್ಕೆ ಇಳಿಯಲು ಇದ್ದ ದಾರಿಯನ್ನು ಗೋಡೆಯಿಂದ ಗೋಡೆಗೆ ಮುಚ್ಚಿದವರು ನಾವು.

ನಾನು ಕೊಟ್ಟೂರಿನವನು. ಸಿವಿಲ್ ಡಿಪ್ಲೊಮಾ ಮುಗಿಸಿ ಇಪ್ಪತ್ತೆಂಟು ವರ್ಷದಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸಣ್ಣಪುಟ್ಟ ಕಾಮಗಾರಿ ಮಾಡುತ್ತಾ ಬಂದಿದ್ದೇನೆ. ಸಿಸಿ ರಸ್ತೆ ಬೇಡ ಎಂದು ನಾನು ಹೇಳುವುದಿಲ್ಲ. ಕೆಸರಿನಲ್ಲಿ ಬಾಣಂತಿಯನ್ನು ಹೊತ್ತು ತಂದ ಊರುಗಳನ್ನು ನಾನು ಕಂಡಿದ್ದೇನೆ. ಆದರೆ ಭಾರದ ಗಾಡಿ ಓಡಾಡದ ಜಾಗಕ್ಕೂ ಅದೇ ಕಾಂಕ್ರೀಟು ಬಳಿಯುತ್ತಿದ್ದೇವೆ. ಶಾಲೆ ಅಂಗಳ, ಗುಡಿ ಮುಂದಿನ ಬಯಲು, ಸಂತೆ ಕಟ್ಟೆ, ಅಂಗನವಾಡಿ, ಬಸ್ ನಿಲ್ದಾಣದ ಬೈಕ್ ನಿಲ್ಲಿಸುವ ಜಾಗ, ಎಲ್ಲವೂ ಬಂಡೆಯಾಗುತ್ತಿವೆ. ಇಂಥ ಜಾಗಗಳಿಗೆ ನೀರು ಇಂಗುವ ಕಾಂಕ್ರೀಟು ಹಾಕಬೇಕು, ಅದರಲ್ಲಿ ಅರ್ಧದಷ್ಟು ಸಿಮೆಂಟಿನ ಬದಲು ನಮ್ಮ ಮಗ್ಗುಲಲ್ಲೇ ಸಿಗುವ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು (ಸ್ಲ್ಯಾಗ್) ಬಳಸಬೇಕು ಎಂಬುದು ನನ್ನ ಒತ್ತಾಯ.

ಇದೇನು ಹೊಸ ಮಾಯೆಯಲ್ಲ. ಮಾಮೂಲಿ ಕಾಂಕ್ರೀಟಿನಲ್ಲಿ ಜಲ್ಲಿಯ ಸಂದುಗಳನ್ನು ಮರಳು ತುಂಬುತ್ತದೆ. ಇದರಲ್ಲಿ ಮರಳೇ ಇಲ್ಲ, ಇದ್ದರೂ ಚಿಟಿಕೆಯಷ್ಟು. ಒಂದೇ ಅಳತೆಯ ಜಲ್ಲಿಗೆ ಸಿಮೆಂಟಿನ ಹಾಲು ತೆಳ್ಳಗೆ ಹತ್ತಿಕೊಂಡು, ಕಲ್ಲು ಕಲ್ಲಿಗೆ ಅಂಟಿ ನಿಲ್ಲುತ್ತದೆ. ನಡುವೆ ಶೇ 15ರಿಂದ 25ರಷ್ಟು ಪೊಳ್ಳು ಉಳಿಯುತ್ತದೆ. ಆ ಪೊಳ್ಳುಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಮೇಲೆ ಬಿದ್ದ ನೀರು ಕೆಳಗಿಳಿಯುತ್ತದೆ. ಚದರ ಮೀಟರಿಗೆ ನಿಮಿಷಕ್ಕೆ ನೂರು ಲೀಟರಿಗೂ ಮಿಗಿಲಾಗಿ ನುಂಗುವ ಶಕ್ತಿ ಇದಕ್ಕಿದೆ. ನಮ್ಮ ಸೀಮೆಯ ಎಂಥ ಜಡಿಮಳೆಯೂ ಅದರ ಹತ್ತರಲ್ಲಿ ಒಂದು ಪಾಲು ಬರುವುದಿಲ್ಲ. ಇಂಗ್ಲೆಂಡಿನಲ್ಲಿ 1852ರಷ್ಟು ಹಿಂದೆಯೇ ಮರಳಿಲ್ಲದ ಕಾಂಕ್ರೀಟಿನಿಂದ ಮನೆ ಕಟ್ಟಿದ್ದರು. ಅಮೆರಿಕದ ಫ್ಲಾರಿಡಾದಂಥ ಕಡೆ ವಾಹನ ನಿಲ್ದಾಣಗಳಿಗೆ ಇದನ್ನು ಹಾಕಿ ದಶಕಗಳೇ ಕಳೆದಿವೆ.

ಓದಿದ್ದು ಸಾಲದೆಂದು ಹೋದ ವರ್ಷ ನಮ್ಮ ಮನೆಯ ಹಿತ್ತಲಲ್ಲಿ ಮಾಡಿ ನೋಡಿದೆ. ಮೂರಡಿ ಉದ್ದ, ಮೂರಡಿ ಅಗಲ, ಆರಿಂಚು ದಪ್ಪ. ಕೆಳಗೆ ಒಂದಡಿ ದಪ್ಪ ಕಲ್ಲು ಹಾಸು. ಹೊಸಪೇಟೆಯಲ್ಲಿ ಪರಿಚಯದವರ ರೆಡಿಮಿಕ್ಸ್ ಘಟಕದಿಂದ ಕಿಟ್ಟದ ಪುಡಿ ತಂದೆ, ಕೆನೆಬಣ್ಣದ, ಮೈದಾಹಿಟ್ಟಿನಷ್ಟು ನುಣುಪಾದ ಪುಡಿ. ಅರ್ಧ ಚೀಲ ಸಿಮೆಂಟು, ಅರ್ಧ ಚೀಲ ಆ ಪುಡಿ, ಇನ್ನೂರು ಕಿಲೋ ಬೇಬಿ ಜಲ್ಲಿ. ಮೊದಲ ಸಲ ಮೇಸ್ತ್ರಿ ರೂಢಿಯಂತೆ ನೀರು ಸುರಿದ, ಇಪ್ಪತ್ತೆರಡು ಲೀಟರ್ ಆಯಿತು. ಹಾಲೆಲ್ಲ ಜಾರಿ ತಳಕ್ಕಿಳಿದು ಅಲ್ಲೇ ಗಟ್ಟಿಯಾಯಿತು. ಮಾರನೇ ದಿನ ಒಂದು ಕೊಡ ನೀರು ಹಾಕಿದರೆ ತಟ್ಟೆಯಲ್ಲಿ ನಿಂತಂತೆ ನಿಂತಿತು. ಎರಡನೇ ಸಲ ಹೆದರಿ ಹನ್ನೆರಡೇ ಲೀಟರ್ ಹಾಕಿದೆವು. ವಾರ ಬಿಟ್ಟು ಹೆಜ್ಜೆ ಇಟ್ಟರೆ ಜಲ್ಲಿ ಪುಟಪುಟನೆ ಎದ್ದು ಬಂತು.

ಮೂರನೇ ಸಲ ಹದಿನಾರು ಲೀಟರ್. ಮಿಕ್ಸರಿನಿಂದ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ನೋಡಬೇಕು. ಕೈ ಬಿಚ್ಚಿದಾಗ ಉಂಡೆ ಒಡೆಯಬಾರದು, ಬೆರಳ ಸಂದಿನಿಂದ ಹಾಲು ಸೋರಲೂಬಾರದು, ಜಲ್ಲಿ ಎಣ್ಣೆ ಸವರಿದಂತೆ ಮಿಂಚಬೇಕು. ಮೇಸ್ತ್ರಿ ಉಂಡೆ ಕಟ್ಟಿ ಅಂಗೈ ಮೇಲೆ ಇಟ್ಟುಕೊಂಡು ‘ಅಣ್ಣಾ, ಇದು ಶೇಂಗಾ ಉಂಡೆ ಹದ’ ಅಂದ. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ. ವೈಬ್ರೇಟರ್ ಮುಟ್ಟಿಸಲಿಲ್ಲ, ಮುಟ್ಟಿಸಿದರೆ ಪೊಳ್ಳು ಮುಚ್ಚಿಹೋಗುತ್ತದೆ. ಪೈಪಿನ ರೋಲರ್ ಒಮ್ಮೆ ಉರುಳಿಸಿ, ಅರ್ಧ ಗಂಟೆಯೊಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಹೇರಿ ಎರಡು ವಾರ ಬಿಟ್ಟೆವು. ಬಯಲುಸೀಮೆಯ ಗಾಳಿಗೆ ಹೊದಿಕೆ ಇಲ್ಲದೆ ಬಿಟ್ಟರೆ ಸಂಜೆಯೊಳಗೆ ಒಣಗಿ ಸತ್ವ ಹೋಗುತ್ತದೆ. ಹದಿನೈದನೇ ದಿನ ಹೆಂಡತಿ ಕೊಡದ ನೀರು ಸುರಿದಳು. ನೀರು ಪಕ್ಕಕ್ಕೆ ಹರಿಯುವ ಮೊದಲೇ ಕಾಣೆಯಾಯಿತು. ಕಿವಿಗೊಟ್ಟರೆ ಕೆಳಗೆ ಕಲ್ಲಿನ ನಡುವೆ ಇಳಿಯುವ ಸದ್ದು ಕೇಳುತ್ತಿತ್ತು. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಕಾಂಕ್ರೀಟಿನೊಳಗಿನಿಂದ ಅಂಥ ಸದ್ದು ಕೇಳಿದ್ದು ಅದೇ ಮೊದಲು.

ಈಗ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಐದು ತಾಲ್ಲೂಕುಗಳಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಸಾವಿರ ಚದರ ಮೀಟರಿನ ಶಾಲಾ ಅಂಗಳದ ಮೇಲೆ ವರ್ಷಕ್ಕೆ ಆರು ಲಕ್ಷ ಲೀಟರ್ ಬೀಳುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 120 ಟ್ಯಾಂಕರ್. ಆವಿಯಾಗಿ, ಮಣ್ಣು ಹೀರಿ, ಅರ್ಧವೇ ಆಳಕ್ಕೆ ಇಳಿಯಿತು ಎಂದುಕೊಳ್ಳಿ. ಜಲಜೀವನ್ ಮಿಷನ್ ಹೇಳುವ ದಿನಕ್ಕೆ 55 ಲೀಟರಿನಂತೆ ಅದು ಹದಿನೈದು ಜನಕ್ಕೆ ವರ್ಷವಿಡೀ ಸಾಲುವ ನೀರು. ಇದರಿಂದ ಶೇಂಗಾ ಬೆಳೆಯಲಾಗದು, ಹೊಲದ ಬೋರುಗಳು ಎತ್ತುವ ನೀರನ್ನು ತುಂಬಿಕೊಡಲೂ ಆಗದು. ಕೆರೆ ತುಂಬಿಸುವ ಯೋಜನೆಗಳ ಬದಲಿಗೆ ಇದು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದೊಂದು ಊರಿನಲ್ಲೂ ಶಾಲೆ ಇದೆ, ಗುಡಿ ಇದೆ, ಸಂತೆ ಜಾಗ ಇದೆ. ಇಷ್ಟು ಅಂಗಳಗಳ ನೀರು ಕುಡಿಯುವ ನೀರಿನ ಬೋರಿನ ಪಕ್ಕದಲ್ಲೇ ಇಂಗಿದರೆ ಸಣ್ಣ ಮಾತಲ್ಲ.

ಮಳೆ ನೀರನ್ನು ಹಿಡಿದಿಡುವ ಶಕ್ತಿಯೂ ಈ ಕಾಂಕ್ರೀಟಿಗಿದೆ. ನೂರು ಚದರ ಮೀಟರಿಗೆ ಆರಿಂಚು ದಪ್ಪ ಹಾಕಿದರೆ ಹದಿನೈದು ಘನ ಮೀಟರ್ ಕಾಂಕ್ರೀಟು. ಐದನೇ ಒಂದು ಪಾಲು ಪೊಳ್ಳೆಂದರೆ ಮೂರು ಸಾವಿರ ಲೀಟರ್ ಅದರೊಳಗೇ ಕೂರುತ್ತದೆ. ಕೆಳಗೆ ಎಂಟಿಂಚು ಕಲ್ಲು ಹಾಸಿದ್ದರೆ ಅಲ್ಲಿ ಇನ್ನೂ ಎಂಟು ಸಾವಿರ ಲೀಟರ್. ಅಂದರೆ ಒಂದೇ ರಾತ್ರಿ ನೂರು ಮಿ.ಮೀ. ಮಳೆ ಹೊಡೆದರೂ ಆ ಅಂಗಳದ ನೀರು ಪಕ್ಕದ ಮನೆಯ ಹೊಸ್ತಿಲು ದಾಟದು. ಅಜ್ಜಿಯ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ ಇದು.

ಸಿಮೆಂಟನ್ನು ಏಕೆ ಕಡಿಮೆ ಮಾಡಬೇಕು? ನಮಗೆ ಸಿಮೆಂಟು ಬರುವುದು ಬಹುಪಾಲು ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿ ಕಡೆಯಿಂದ. ಅಲ್ಲಿ ಸುಣ್ಣದ ಕಲ್ಲನ್ನು 1,450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡುತ್ತಾರೆ. ಉರಿಯುವ ಕಲ್ಲಿದ್ದಲಿನ ಹೊಗೆ ಒಂದು ಕಡೆ, ಕಲ್ಲಿನೊಳಗಿಂದಲೇ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡೆ. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 7ರಿಂದ 8 ಸಿಮೆಂಟಿನದು. ಮಳೆ ಕೆಟ್ಟಿದೆ, ಹಂಗಾಮು ಕೆಟ್ಟಿದೆ ಎಂದು ನಾವೇ ಗೊಣಗುತ್ತೇವೆ. ನೀರು ಉಳಿಸುವ ಅಂಗಳಕ್ಕಾದರೂ ಸಾಧ್ಯವಾದಷ್ಟು ಕಡಿಮೆ ಸುಟ್ಟ ಸಾಮಗ್ರಿ ಬಳಸುವುದು ನ್ಯಾಯ.

ಆ ಸಾಮಗ್ರಿ ನಮ್ಮ ಸೀಮೆಯ ಅಂಚಿನಲ್ಲೇ ಇದೆ. ಕೂಡ್ಲಿಗಿಯಿಂದ ಸಂಡೂರು ದಾಟಿದರೆ ತೋರಣಗಲ್ಲು. ಅಲ್ಲಿನ ಜಿಂದಾಲ್ ಕಾರ್ಖಾನೆ ವರ್ಷಕ್ಕೆ ಕೋಟಿ ಟನ್ನಿಗೂ ಹೆಚ್ಚು ಉಕ್ಕು ತೆಗೆಯುತ್ತದೆ. ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ತೆಗೆದರೆ 300ರಿಂದ 400 ಕಿಲೋ ಕಿಟ್ಟ ಬರುತ್ತದೆ. ಕೆಂಡದಂಥ ಆ ಕಿಟ್ಟವನ್ನು ನೀರಿಗೆ ಹಾಯಿಸಿ ತಟ್ಟನೆ ಆರಿಸಿದರೆ ಗಾಜಿನಂಥ ಹರಳಾಗುತ್ತದೆ, ಬೀಸಿದರೆ ಸಿಮೆಂಟಿನ ಜೊತೆ ಸೇರಿ ತಾನೂ ಗಟ್ಟಿಯಾಗುವ ಪುಡಿಯಾಗುತ್ತದೆ. ತೋರಣಗಲ್ಲಿನ ಆಚೆ ಕುಡತಿನಿಯಲ್ಲಿ 1,700 ಮೆಗಾವಾಟ್‌ನ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ. ನಮ್ಮ ದೇಶದ ಕಲ್ಲಿದ್ದಲು ನೂರು ಕಿಲೋ ಉರಿದರೆ ಮೂವತ್ತರಿಂದ ನಲವತ್ತು ಕಿಲೋ ಬೂದಿ ಉಳಿಯುತ್ತದೆ. ಅದರಲ್ಲಿ ಬಹುಪಾಲು ಹಾರುಬೂದಿ. ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ, ದುಗ್ಗಾವತಿಯ ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯ ಬೂದಿ ಇವೆಲ್ಲ ಸಿಲಿಕಾ ತುಂಬಿದ ಸಾಮಗ್ರಿಗಳೇ, ಪರೀಕ್ಷೆಗೆ ಯೋಗ್ಯವಾದವು.

ಹೀಗೆ ಹೇಳಿದರೆ ಕೆಲವರು ‘ಬೂದಿ ಕಲಸಿ ಮೋಸ ಮಾಡ್ತಾರೆ’ ಅನ್ನುತ್ತಾರೆ. ಅವರಿಗೆ ಎರಡು ಮಾತು. ನಾವು ಅಂಗಡಿಯಿಂದ ತರುವ ಪಿಪಿಸಿ ಸಿಮೆಂಟಿನ ಚೀಲದಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಇರಲು ಭಾರತೀಯ ಮಾನಕವೇ ಒಪ್ಪಿದೆ. ಕಿಟ್ಟದ ಸಿಮೆಂಟಿನಲ್ಲಿ ಶೇ 70ರವರೆಗೂ ಕಿಟ್ಟ ಇರಬಹುದು. ಕಿಟ್ಟದ ಪುಡಿಗೇ ಪ್ರತ್ಯೇಕವಾಗಿ 2018ರಲ್ಲಿ ಐಎಸ್ 16714 ಎಂಬ ಮಾನಕ ಬಂದಿದೆ. ಇನ್ನೊಂದು ಮಾತು ನಮ್ಮ ತುಂಗಭದ್ರೆಯದು. 1953ರಲ್ಲಿ ಮುಗಿದ ಆ ಕಲ್ಲಿನ ಅಣೆಕಟ್ಟೆಗೆ ಬಳಸಿದ್ದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಸೇರಿ ನೀರಿನಲ್ಲಿ ಗಟ್ಟಿಯಾಗುವುದು ಸುರ್ಕಿಯ ಗುಣ. ಹಾರುಬೂದಿಯೂ ಗಟ್ಟಿಯಾಗುವುದು ಅದೇ ಬಗೆಯಲ್ಲಿ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಎಷ್ಟೋ ಊರುಗಳನ್ನು ನುಂಗಿ ನಿಂತ ಆ ನೀರಿನ ಭಾರವನ್ನು ಎಪ್ಪತ್ತು ವರ್ಷದಿಂದ ಹೊತ್ತಿರುವ ಗೋಡೆಗಿಂತ ದೊಡ್ಡ ಪುರಾವೆ ನಮಗೆ ಬೇಕೆ?

ಸಿಮೆಂಟು ಒಂದು ಚಮಚವೂ ಇಲ್ಲದೆ, ಕಿಟ್ಟ ಮತ್ತು ಹಾರುಬೂದಿಯನ್ನು ಕ್ಷಾರದಿಂದ ಗಟ್ಟಿಗೊಳಿಸುವ ವಿಧಾನವೂ ಇದೆ. ರಸ್ತೆಗೆ ಒಗ್ಗುವಂಥ ಈ ಬಗೆಯ ಕಾಂಕ್ರೀಟಿನ ಮೇಲೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಒಳ್ಳೆಯ ಸಂಶೋಧನೆ ನಡೆದಿದೆ. ಆದರೆ ಅದಕ್ಕೆ ಬೇಕಾದದ್ದು ಕಾಸ್ಟಿಕ್ ಸೋಡಾ. ನಮ್ಮ ಕೆಲಸದಲ್ಲಿ ಬಾಂಡ್ಲಿ ಹೊರುವವರು ಹೆಣ್ಣುಮಕ್ಕಳು. ತಲೆ ಮೇಲಿನ ಬಾಂಡ್ಲಿಯಿಂದ ಒಂದು ಹನಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಅಂಥದ್ದನ್ನು ಕೈಗವಸು, ಕನ್ನಡಕ ಇರುವ ಘಟಕದಲ್ಲಿ ಬ್ಲಾಕ್ ಮಾಡಿ ತರಲಿ. ಹಳ್ಳಿಯ ಕಾಮಗಾರಿಯಲ್ಲಿ ಕಲಸುವುದು ಬೇಡ. ಅಲ್ಲಿಗೆ ಅರ್ಧ ಸಿಮೆಂಟು, ಅರ್ಧ ಕಿಟ್ಟ ಸಾಕು. ಆ ಅರ್ಧವೇ ಸಾವಿರ ಚದರ ಮೀಟರಿನ ಅಂಗಳಕ್ಕೆ ಐನೂರು ಚೀಲಕ್ಕೂ ಮಿಗಿಲು ಸಿಮೆಂಟು ಉಳಿಸುತ್ತದೆ.

ಇದರ ಮಿತಿಗಳನ್ನು ಮುಚ್ಚಿಟ್ಟರೆ ನಾಳೆ ಕೆಟ್ಟ ಹೆಸರು ಬರುವುದು ಕಾಂಕ್ರೀಟಿಗೆ, ಆದ್ದರಿಂದ ಬಿಚ್ಚಿ ಹೇಳುತ್ತೇನೆ. ಇದಕ್ಕೆ ಮಾಮೂಲಿ ಸಿಸಿಯ ಗಟ್ಟಿತನ ಇಲ್ಲ. ಕಬ್ಬಿನ ಟ್ರ್ಯಾಕ್ಟರು, ಅದಿರಿನ ಲಾರಿ ಓಡಾಡುವ ಕಡೆ ಹಾಕಬಾರದು. ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ತೇರು ಉರುಳುವ ಬೀದಿಗೆ ಬೇಡವೇ ಬೇಡ. ಪಾದಯಾತ್ರಿಗಳು ತಂಗುವ ಬಯಲಿಗೆ, ಚಪ್ಪಲಿ ಬಿಡುವ ಜಾಗಕ್ಕೆ ಸರಿಹೋಗುತ್ತದೆ. ಮೈಲಾರದ ಗುಡಿ ಮುಂದೆ ಭಂಡಾರ ಎರಚುವ ಕಡೆ ಹಾಕಿದರೆ ಒಂದೇ ಜಾತ್ರೆಗೆ ಅರಿಸಿನದ ಪುಡಿ ಎಲ್ಲ ಪೊಳ್ಳನ್ನೂ ಕಟ್ಟುತ್ತದೆ. ದೀಪದ ಎಣ್ಣೆ ಚೆಲ್ಲುವ ಕಡೆಯೂ ಬೇಡ. ಮಣ್ಣಿನ ಗೋಡೆಯ ಮನೆಗಳಿಗೆ ತಾಗಿಸಿ ಹಾಕಿದರೆ ಬುನಾದಿಗೆ ತೇವ ಏರುತ್ತದೆ, ನಾಲ್ಕಡಿಯಾದರೂ ದೂರ ಬಿಡಬೇಕು. ಬಚ್ಚಲ ನೀರು ಇದರ ಮೇಲೆ ಹರಿಯಬಾರದು.

ಮಣ್ಣನ್ನೂ ನೋಡಬೇಕು. ಕೂಡ್ಲಿಗಿ, ಕೊಟ್ಟೂರಿನ ಮಸಾರಿ ನೆಲ ನೀರನ್ನು ಚೆನ್ನಾಗಿ ಇಳಿಸಿಕೊಳ್ಳುತ್ತದೆ. ಹಡಗಲಿಯ ಎರೆ, ಹರಪನಹಳ್ಳಿಯ ಕೆಲವು ಕಡೆಯ ಎರೆ ನೆಂದರೆ ಉಬ್ಬುತ್ತದೆ, ನೀರನ್ನು ಬೇಗ ಬಿಡುವುದಿಲ್ಲ. ಅಲ್ಲಿ ಕಲ್ಲು ಹಾಸಿನೊಳಗೆ ತೂತಿನ ಪೈಪ್ ಇಟ್ಟು ನೀರನ್ನು ಪಕ್ಕದ ಇಂಗುಗುಂಡಿಗೆ ಒಯ್ಯಬೇಕು. ಮಸಾರಿ ಕಡೆಗೂ ಒಂದು ತೊಂದರೆ ಇದೆ. ಬೇಸಿಗೆಯ ಗಾಳಿಗೆ ಕೆಂಪು ದೂಳು ಬಂದು ಕೂರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಜಾತ್ರೆ ಮುಗಿದ ಮೇಲೆ ಒಮ್ಮೆ ಗುಡಿಸಿ, ಜೋರು ಪೈಪಿನಿಂದ ತೊಳೆಯಬೇಕು. ಆ ಕೆಲಸ ಯಾರದು, ಹಣ ಎಲ್ಲಿಂದ ಎಂದು ಕಾಮಗಾರಿ ಆರಂಭವಾಗುವ ಮೊದಲೇ ಪಂಚಾಯಿತಿ ಠರಾವು ಬರೆಯಬೇಕು.

ನೀರಿನ ಶುದ್ಧಿಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ನಮ್ಮ ಕಡೆಯ ಬಂಡೆಯಿಂದಲೇ ಫ್ಲೋರೈಡ್ ಇಳಿದು ಎಷ್ಟೋ ಊರುಗಳ ಬೋರ್ ನೀರು ಕೆಟ್ಟಿದೆ. ಮಳೆ ನೀರು ಇಳಿದರೆ ಆ ಫ್ಲೋರೈಡ್ ತೆಳುವಾಗುತ್ತದೆ ಎಂಬುದು ನನ್ನ ಆಸೆ. ಆದರೆ ಹಾರುಬೂದಿಯಲ್ಲಿ ಭಾರಲೋಹಗಳ ಅಂಶ ಇರುತ್ತದೆ. ಗಟ್ಟಿಯಾದ ಕಾಂಕ್ರೀಟಿನೊಳಗೆ ಅವು ಬಹುಪಾಲು ಬಂದಿಯಾಗುತ್ತವೆ. ಆದರೂ ಈ ಕಾಂಕ್ರೀಟಿನ ಮೈಯೊಳಗೆ ಪ್ರತಿ ಮಳೆಗೂ ನೀರು ಹಾಯುತ್ತದೆ. ಅದನ್ನು ಹಾಯ್ದು ಬಂದ ನೀರಿನ ಪರೀಕ್ಷೆ ಆಗದೆ ಕುಡಿಯುವ ನೀರಿನ ಬೋರಿನ ಬಳಿ ಬೂದಿಯದ್ದನ್ನು ಹಾಕಬಾರದು. ಅದಕ್ಕೇ ನಾನು ಮೊದಲು ಕಿಟ್ಟದಿಂದ ಆರಂಭಿಸೋಣ ಅನ್ನುತ್ತೇನೆ, ಅದನ್ನೂ ಪರೀಕ್ಷೆಗೆ ಒಡ್ಡಿಯೇ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಯಾವ ಊರಿನಲ್ಲೂ ಏಕೆ ಆಗುತ್ತಿಲ್ಲ? ಜೂನಿಯರ್ ಎಂಜಿನಿಯರುಗಳ (ಜೆಇ) ಜೊತೆ ಕುಳಿತು ಮಾತಾಡಿದ್ದೇನೆ. ಎಲ್ಲರದೂ ಒಂದೇ ಉತ್ತರ: ‘ಎಸ್‌ಆರ್‌ನಲ್ಲಿ ಐಟಂ ಇಲ್ಲ.’ ದರಪಟ್ಟಿಯಲ್ಲಿ ಹೆಸರಿಲ್ಲದ ಕೆಲಸಕ್ಕೆ ಎಸ್ಟಿಮೇಟ್ ಬರೆಯಲು ಯಾರಿಗೆ ಧೈರ್ಯ? ಬರೆದರೂ ಆಡಿಟ್‌ನಲ್ಲಿ ಸಿಕ್ಕಿಬೀಳುವವರು ಅವರು. ಅವರನ್ನು ದೂರಿ ಫಲವಿಲ್ಲ. ಆದರೆ ಅತ್ತ ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್ 31ರ ಅಧಿಸೂಚನೆಯಲ್ಲಿ ಹಾರುಬೂದಿಯನ್ನು ಪೂರ್ತಿ ಬಳಸಲೇಬೇಕೆಂದು ಹೇಳಿದೆ. ಗುಜರಾತಿನ ಸೂರತ್‌ನಲ್ಲಿ 2022ರಲ್ಲಿ ಉಕ್ಕಿನ ಕಿಟ್ಟದಿಂದಲೇ ಆರು ಪಥದ ರಸ್ತೆ ಆಗಿದೆ. ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದರ ಮಗ್ಗುಲಿರುವ ನಮಗೆ ಒಂದು ಶಾಲಾ ಅಂಗಳವೂ ಆಗಿಲ್ಲ.

ಆದ್ದರಿಂದ ಸರ್ಕಾರಕ್ಕೂ ಜನಪ್ರತಿನಿಧಿಗಳಿಗೂ ನನ್ನ ಕೋರಿಕೆ ಇಷ್ಟು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಐದು ತಾಲ್ಲೂಕಿಗೆ ಐದು ಅಂಗಳ ಮಾಡಿಸಿ, ತಾಲ್ಲೂಕಿಗೊಂದು ಸರ್ಕಾರಿ ಶಾಲೆ ಸಾಕು. ಹೂವಿನ ಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ಸಿವಿಲ್ ವಿದ್ಯಾರ್ಥಿಗಳು ಕ್ಯೂಬ್ ಒಡೆದು ನೋಡಲಿ, ನೀರು ಇಳಿಯುವ ವೇಗ ಅಳೆಯಲಿ, ಹಾಯ್ದು ಬಂದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಲಿ, ಪಕ್ಕದ ಬೋರಿನ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಬರೆದಿಡಲಿ. ಎರಡು ಮಳೆಗಾಲ ಕಾಯೋಣ. ಬಂದ ಲೆಕ್ಕವನ್ನು ಊರಿನವರ ಮುಂದೆ ಗ್ರಾಮಸಭೆಯಲ್ಲಿ ಓದಲಿ. ಚೆನ್ನಾಗಿದ್ದರೆ ದರಪಟ್ಟಿಗೆ ಸೇರಿಸಿ, ಕೆಟ್ಟಿದ್ದರೆ ಏಕೆ ಕೆಟ್ಟಿತೆಂದು ತಿಳಿದು ತಿದ್ದಿಕೊಳ್ಳೋಣ. ಅಲ್ಲಿಯವರೆಗೆ ಕನಿಷ್ಠ ಒಂದು ಕೆಲಸ ಇಂದೇ ಆಗಬಹುದು: ಓಣಿಯ ಸಿಸಿಯನ್ನು ಗೋಡೆಯಿಂದ ಗೋಡೆಗೆ ಬಳಿಯುವುದನ್ನು ಬಿಟ್ಟು, ಜಾಗ ಇರುವ ಕಡೆ ಒಂದು ಅಂಚಿನಲ್ಲಿ ಎರಡಡಿ ನೆಲವನ್ನು ನೀರಿಗೆ ಬಿಟ್ಟುಕೊಡಿ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಆ ಐದರಲ್ಲಿ ಕೊಟ್ಟೂರು ತಾಲ್ಲೂಕಿನ ಅಂಗಳಕ್ಕೆ ನನ್ನ ಮಿಕ್ಸರ್, ನನ್ನ ಸಾಮಾನು ಉಚಿತ. ಲಾಭ ನನಗೆ ಬೇಡ, ಆಳುಗಳ ಕೂಲಿ ಮತ್ತು ಸಾಮಗ್ರಿಯ ಹಣ ಬಂದರೆ ಸಾಕು. ಶೇಂಗಾ ಉಂಡೆಯ ಹದ ಬಲ್ಲ ಮೇಸ್ತ್ರಿಯೂ ಬರುತ್ತಾನೆ. ಆ ಕೆಲಸ ಮುಗಿದ ದಿನ ಕೂಡ್ಲಿಗಿ ಸೀಮೆಯ ಆ ಅಜ್ಜಿಯನ್ನು ಕರೆತಂದು, ಮೊದಲ ಕೊಡದ ನೀರನ್ನು ಅವಳ ಕೈಯಿಂದಲೇ ಸುರಿಸಬೇಕೆಂದಿದ್ದೇನೆ.